ಶಾದಿ ಮಹಲಿನಲ್ಲಿ ಹತ್ತನೇ ತರಗತಿ

ಹೋದ ತಿಂಗಳು ನನ್ನ ಹಳೇ ವಿದ್ಯಾರ್ಥಿನಿ ತಹಸೀನಳ ಮದುವೆಗೆಂದು ಶಿವಾಜಿನಗರಕ್ಕೆ ಹೋಗಿದ್ದೆ. ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಅದೇ ಶಾದಿ ಮಹಲ್, ಅದೇ ಕಿರಿದಾದ ಮೆಟ್ಟಿಲು. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟೆ, ಬಾಡಿಗೆ ಜಮಖಾನದ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಹಳೇ ಹತ್ತಿ, ಧೂಳು, ಚೆಲ್ಲಿದ ಅತ್ತರು, ಎಂದೋ ಬಿದ್ದ ಬಿರಿಯಾನಿಯ ಎಣ್ಣೆ, ಎಲ್ಲ ಸೇರಿದ ವಾಸನೆ ಅದು. ಬೇರೆಯವರಿಗೆ ಅದರಿಂದ ಮದುವೆ ನೆನಪಾಗುತ್ತದೆ. ನನಗೆ ವಿಜ್ಞಾನದ ಕಿರುಪರೀಕ್ಷೆ ನೆನಪಾಗುತ್ತದೆ. ಒಂದು ಜೂನ್‌ನಿಂದ ಮುಂದಿನ ಮಾರ್ಚ್‌ವರೆಗೆ ನಾನು ಇದೇ ಹಾಲ್‌ನಲ್ಲಿ ಹತ್ತನೇ ತರಗತಿ ನಡೆಸಿದ್ದೆ.

ಆಗ ನಾನು ಪಕ್ಕದ ಬೀದಿಯ ಒಂದು ಅನುದಾನಿತ ಶಾಲೆಯಲ್ಲಿ ಗಣಿತ ಹೇಳುತ್ತಿದ್ದೆ. ಹಿಂದಿನ ಮುಖ್ಯೋಪಾಧ್ಯಾಯರು ನಿವೃತ್ತರಾಗಿ ಎರಡು ವರ್ಷವಾಗಿದ್ದರೂ ಆ ಕುರ್ಚಿಗೆ ಯಾರನ್ನೂ ನೇಮಿಸಿರಲಿಲ್ಲ. ‘ಇನ್‌ಚಾರ್ಜ್’ ಎಂಬ ಹೆಸರಿನಲ್ಲಿ ಅದರಲ್ಲಿ ನನ್ನನ್ನು ಕೂರಿಸಿದ್ದರು. ಇನ್‌ಚಾರ್ಜ್ ಅಂದರೆ ಕೆಲಸ ಪೂರ್ತಿ, ಅಧಿಕಾರ ಅರ್ಧ. ಆ ಅರ್ಧವನ್ನೇ ಪೂರ್ತಿ ಅನ್ನುವ ಹಾಗೆ ಚಲಾಯಿಸುವುದರಲ್ಲಿ ನಾನು ಹಿಂದೆ ಬಿದ್ದವಳಲ್ಲ. ಬೆಳಿಗ್ಗೆ ಕೆ.ಆರ್. ಪುರದಿಂದ ರೈಲು ಹಿಡಿದು ಕಂಟೋನ್ಮೆಂಟ್ ಸ್ಟೇಷನ್‌ನಲ್ಲಿ ಇಳಿದು ಶಾಲೆಗೆ ಬಂದರೆ, ಗೇಟಿನಲ್ಲೇ ನನ್ನ ಗಂಟಲು ಶುರುವಾಗುತ್ತಿತ್ತು. ಮೂರನೇ ಮಹಡಿಯ ಮಕ್ಕಳೂ ಸುಮ್ಮನಾಗುತ್ತಿದ್ದರು. ಆ ಗಂಟಲಿನ ಬಗ್ಗೆ ನನಗೆ ಬಹಳ ಜಂಬವಿತ್ತು.

ಆ ವರ್ಷ ಬೇಸಿಗೆ ರಜೆಯಲ್ಲಿ ಶಾಲೆಯ ತೊಲೆಗಳು ಬಿರುಕು ಬಿಟ್ಟಿವೆ ಎಂದು ಗೊತ್ತಾಯಿತು. ದುರಸ್ತಿಗೆ ಒಂದು ವರ್ಷ ಬೇಕು ಎಂದರು. ಆಡಳಿತ ಮಂಡಳಿಯವರು ಓಡಾಡಿ ಈ ಶಾದಿ ಮಹಲನ್ನು ಗೊತ್ತುಮಾಡಿದರು. ಕೆಳಗಿನ ಊಟದ ಮನೆಯಲ್ಲಿ ಮರದ ಅಡ್ಡ ಹಾಕಿ ಎಂಟು, ಒಂಬತ್ತನೇ ತರಗತಿ. ಚಿಕ್ಕ ಮಕ್ಕಳಿಗೆ ಹಿತ್ತಲಿನ ಕೋಣೆಗಳು. ಮೇಲಿನ ದೊಡ್ಡ ಹಾಲ್ ಯಾರಿಗೆ ಎಂಬ ಮಾತು ಬಂದಾಗ ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ‘ಹತ್ತನೇ ತರಗತಿಗೆ ಕೊಡಿ, ಬೋರ್ಡ್ ಪರೀಕ್ಷೆ ಬರೆಯೋ ಮಕ್ಕಳು’ ಅಂದೆ. ಎತ್ತರದ ಛಾವಣಿ, ಹೊಳೆಯುವ ಗ್ರಾನೈಟ್ ನೆಲ, ಎದೆಯೆತ್ತರದವರೆಗೆ ಬಿಳೀ ಟೈಲ್ಸ್, ಮೂರು ಕಡೆ ಗಾಜಿನ ಕಿಟಕಿ, ಒಂದು ತುದಿಯಲ್ಲಿ ವಧೂವರರು ಕೂರುವ ವೇದಿಕೆ. ನಮ್ಮ ಹಳೇ ಶಾಲೆಯ ಕತ್ತಲೆ ಕೋಣೆಗಳ ಮುಂದೆ ಇದು ಅರಮನೆ. ಇದ್ದ ಕೋಣೆಗಳಲ್ಲಿ ಅತ್ಯುತ್ತಮವಾದದ್ದನ್ನೇ ಕೊಟ್ಟೆ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ.

ಮಾಲೀಕರದು ಒಂದೇ ಷರತ್ತು. ಶುಕ್ರವಾರ ಮೂರು ಗಂಟೆಗೆ ಹಾಲ್ ಖಾಲಿಯಾಗಬೇಕು, ಏಕೆಂದರೆ ಶನಿವಾರ ಸಂಜೆ, ಭಾನುವಾರ ಮದುವೆಗಳಿರುತ್ತವೆ. ಹಾಗಾಗಿ ಪ್ರತಿ ಶುಕ್ರವಾರ ಮಕ್ಕಳು ಬೆಂಚುಗಳನ್ನು ಹೊತ್ತು ವರಾಂಡದಲ್ಲಿ ಪೇರಿಸುತ್ತಿದ್ದರು. ಆಮೇಲೆ ಶಾಮಿಯಾನದ ಅಯೂಬ್ ಭಾಯ್ ತಮ್ಮ ಏಣಿ, ಹಗ್ಗ, ಬಟ್ಟೆಯ ಮೂಟೆಗಳೊಂದಿಗೆ ಬರುತ್ತಿದ್ದರು. ಶನಿವಾರ ಬೆಳಿಗ್ಗೆ ಹನ್ನೊಂದರವರೆಗೆ ನಾವು ಕೂರಬಹುದಿತ್ತು, ಆದರೆ ಚಪ್ಪಲಿ ಬಿಟ್ಟು, ಅವರು ಹಾಸಿದ ಜಮಖಾನದ ಮೇಲೆ. ಸೋಮವಾರ ಬೆಂಚುಗಳು ವಾಪಸ್ ಬರುತ್ತಿದ್ದವು.

ವಿಜ್ಞಾನದವರು ಜಯಮೇರಿ ಮಿಸ್. ನನಗಿಂತ ಒಂಬತ್ತು ವರ್ಷ ದೊಡ್ಡವರು, ನಿವೃತ್ತಿಗೆ ಒಂದು ವರ್ಷ ಚಿಲ್ಲರೆ ಉಳಿದಿತ್ತು. ಮರ್ಫಿ ಟೌನ್‌ನಿಂದ ಬರುತ್ತಿದ್ದರು. ಮನೆಯಲ್ಲಿ ತಮಿಳು, ಶಾಲೆಯಲ್ಲಿ ನಮಗಿಂತ ಚೊಕ್ಕವಾದ ಕನ್ನಡ. ಗಂಜಿ ಹಾಕಿದ ಕಾಟನ್ ಸೀರೆ, ಕೈಯಲ್ಲಿ ಒಂದು ಸ್ಟೀಲ್ ಲೋಟ. ಆ ಲೋಟದಲ್ಲಿ ನೀರು ತುಂಬಿ ಒಳಗೆ ಪೆನ್ಸಿಲ್ ಇಟ್ಟು ಬೆಳಕು ಬಾಗುವುದನ್ನು ತೋರಿಸುತ್ತಿದ್ದರು, ಅದರಲ್ಲೇ ಕಾಫಿಯನ್ನೂ ಕುಡಿಯುತ್ತಿದ್ದರು. ಬೋರ್ಡಿನ ಮೇಲೆ ಬರೆಯುವುದು ಕಡಿಮೆ, ನೋಟ್ಸ್ ಕೊಡುವುದು ಇಲ್ಲವೇ ಇಲ್ಲ. ಬರೀ ಮಾತು. ಕುಕ್ಕರಿನ ವಿಷಲ್ ಏಕೆ ಕೂಗುತ್ತದೆ ಎಂದು ಶುರುಮಾಡಿ, ಮಕ್ಕಳಿಗೆ ತಿಳಿಯುವ ಮೊದಲೇ ಅನಿಲದ ನಿಯಮಕ್ಕೆ ಕರೆದೊಯ್ದಿರುತ್ತಿದ್ದರು. ಅದೂ ಎಷ್ಟು ಮೆಲ್ಲನೆಯ ದನಿ ಅಂತೀರಿ! ಹಳೇ ಕಟ್ಟಡದಲ್ಲಿ ಅವರ ತರಗತಿಯ ಮುಂದೆ ಹಾದುಹೋದರೆ ಒಳಗೆ ಪಾಠ ನಡೆದಿದೆಯೋ ಪ್ರಾರ್ಥನೆ ನಡೆದಿದೆಯೋ ಗೊತ್ತಾಗುತ್ತಿರಲಿಲ್ಲ. ತಗ್ಗಿನ ಮಾಡು, ಗೋಡೆಯ ತುಂಬ ನಕ್ಷೆ, ಬೀರು, ಅದರ ಮೇಲೆ ಕಾಗದದ ಕಟ್ಟುಗಳು, ಮಧ್ಯೆ ಮೈಗೆ ಮೈ ತಾಗಿ ಕೂತ ಮಕ್ಕಳು. ಪ್ರತಿವರ್ಷ ವಿಜ್ಞಾನದಲ್ಲೇ ನಮ್ಮ ಶಾಲೆಗೆ ಹೆಚ್ಚು ಅಂಕ ಬರುತ್ತಿದ್ದವು. ಅದು ನನ್ನ ಗಣಿತಕ್ಕೆ ಸ್ವಲ್ಪ ಚುಚ್ಚುತ್ತಿತ್ತು ಎಂಬುದನ್ನು ಈಗ ಮುಚ್ಚಿಟ್ಟು ಪ್ರಯೋಜನವಿಲ್ಲ.

ಆಗಸ್ಟ್‌ನ ಮೊದಲ ಪರೀಕ್ಷೆಯಲ್ಲಿ ವಿಜ್ಞಾನ ನೆಲ ಕಚ್ಚಿತು. ಬೇರೆ ವಿಷಯಗಳೂ ಕೊಂಚ ಇಳಿದಿದ್ದವು, ಆದರೆ ಹೊಸ ಜಾಗ, ಮಳೆಗಾಲ, ಹೊಂದಿಕೊಳ್ಳಬೇಕು ಎಂದು ಸಮಾಧಾನ ಹೇಳಿಕೊಳ್ಳಬಹುದಾದಷ್ಟು ಮಾತ್ರ. ವಿಜ್ಞಾನದಲ್ಲಿ ಅರ್ಧ ತರಗತಿ ಫೇಲ್. ನಾನು ಅವರನ್ನು ಕರೆದು ಕೇಳಿದೆ.

‘ಏನಾಗ್ತಿದೆ ಜಯಮೇರಿ ಮಿಸ್?’

‘ನನಗೇ ಅರ್ಥ ಆಗ್ತಿಲ್ಲ ಮಿಸ್. ಮಕ್ಕಳ ಮುಖ ನೋಡಿದ್ರೆ ನಾನು ಹೇಳಿದ್ದು ಎಲ್ಲೋ ಮಧ್ಯದಲ್ಲಿ ಬಿದ್ದುಹೋಗ್ತಿದೆ ಅನ್ಸುತ್ತೆ.’

‘ದೊಡ್ಡ ಹಾಲ್ ಅಲ್ವಾ? ನಿಮ್ಮ ದನಿ ಸಾಲ್ದು. ಜೋರಾಗಿ ಮಾತಾಡಿ.’

ಅವರು ತಲೆಯಾಡಿಸಿದರು. ಮಾರನೇ ದಿನದಿಂದ ಜೋರಾಗಿ ಮಾತಾಡಿದರು. ಮೂವತ್ತು ವರ್ಷ ಪಿಸುಮಾತಿನಂತೆ ಪಾಠ ಹೇಳಿದ ಹೆಂಗಸು ವೇದಿಕೆಯ ಮೇಲೆ ನಿಂತು ಗಂಟಲು ಹರಿದುಕೊಂಡರು. ಕೆಳಗೆ ಆಫೀಸಿನಲ್ಲಿ ಕೂತ ನನಗೆ ಅವರ ಕೂಗು ಕೇಳಿಸುತ್ತಿತ್ತು, ನನಗೆ ಸಂತೋಷವಾಗುತ್ತಿತ್ತು. ನಡುನಡುವೆ ಬಾಗಿಲವರೆಗೆ ಹೋಗಿ ಇಣುಕಿ ನೋಡುತ್ತಿದ್ದೆ. ಬಾಗಿಲು ವೇದಿಕೆಯ ಪಕ್ಕದಲ್ಲೇ ಇತ್ತು, ಎಲ್ಲ ಚೆನ್ನಾಗಿ ಕೇಳಿಸುತ್ತಿತ್ತು. ಕೊನೆಗೆ ಅವರು ‘ಅರ್ಥ ಆಯ್ತಾ?’ ಅನ್ನುತ್ತಿದ್ದರು. ನಲವತ್ತು ಮಕ್ಕಳು ರಾಗವಾಗಿ ‘ಆಯ್ತು ಮಿಸ್...’ ಅನ್ನುತ್ತಿದ್ದರು. ಆ ರಾಗ ನಮ್ಮ ಶಾಲೆಯ ಪದ್ಧತಿ. ಒಂದನೇ ತರಗತಿಯಲ್ಲಿ ಕಲಿತದ್ದು ಹತ್ತರವರೆಗೆ ಬಿಡುವುದಿಲ್ಲ. ‘ಅರ್ಥ’ ಎಂಬ ಶಬ್ದ ಕಿವಿಗೆ ಬಿದ್ದರೆ ಸಾಕು, ಬಾಯಿ ತಾನೇ ಹೇಳಿಬಿಡುತ್ತದೆ. ಅದನ್ನು ಉತ್ತರ ಅಂದುಕೊಂಡು ನಾವು ಎಷ್ಟೋ ವರ್ಷ ಸಂಬಳ ತೆಗೆದುಕೊಂಡಿದ್ದೇವೆ.

ಸೆಪ್ಟೆಂಬರ್‌ನಲ್ಲಿ ನಾನೇ ಒಂದು ಮೈಕ್ ತರಿಸಿದೆ. ಸೊಂಟಕ್ಕೆ ಕಟ್ಟಿಕೊಳ್ಳುವ ಚಿಕ್ಕ ಡಬ್ಬಿ, ಬಾಯಿಯ ಮುಂದೊಂದು ಕಡ್ಡಿ. ಜಯಮೇರಿ ಮಿಸ್ ಅದನ್ನು ಕಟ್ಟಿಕೊಂಡು ನಿಂತರೆ ಬಸ್ ಸ್ಟ್ಯಾಂಡಿನಲ್ಲಿ ಇಲಿ ಪಾಷಾಣ ಮಾರುವವರ ಹಾಗೆ ಕಾಣುತ್ತಿದ್ದರು. ನಾನು ನಕ್ಕೆ, ಅವರೂ ನಕ್ಕರು. ಮೈಕ್ ಬಂದ ಮೇಲೆ ಹಾಲ್ ಗುಂಯ್‌ಗುಡತೊಡಗಿತು. ಅಕ್ಟೋಬರ್‌ನ ಅರ್ಧವಾರ್ಷಿಕದಲ್ಲಿ ಅಂಕ ಇನ್ನೂ ಇಳಿಯಿತು. ಪಾಸಾದವರಲ್ಲಿ ಹೆಚ್ಚಿನವರು ಮನೆಯಲ್ಲೂ ಕನ್ನಡ ಮಾತಾಡುವ ಏಳೆಂಟು ಮಕ್ಕಳು. ದಖ್ಖನಿ ಉರ್ದು, ತಮಿಳು ಮಾತಾಡುವ ಮನೆಯ ಮಕ್ಕಳು ಸಾಲಾಗಿ ಫೇಲು. ಅದನ್ನು ನೋಡಿಯೂ ನನ್ನ ತಲೆಗೆ ಹೊಳೆಯಲಿಲ್ಲ. ಅವರು ಬುದ್ಧಿವಂತರು, ಇವರು ಸೋಮಾರಿಗಳು ಎಂದು ಲೆಕ್ಕ ಹಾಕಿ ಮುಗಿಸಿದೆ.

ನವೆಂಬರ್‌ನಿಂದ ಶನಿವಾರ ವಿಜ್ಞಾನದ ಪುನರಾವರ್ತನೆಯನ್ನು ಹೊಸದಾಗಿ ಶುರುಮಾಡಿ, ಅದನ್ನು ನಾನೇ ತೆಗೆದುಕೊಂಡೆ. ನಾನೂ ಬಿ.ಎಸ್ಸಿ. ಓದಿದವಳೇ. ಹೊರಗೆ ಆಗ ಬೆಳಗಿನ ಚಳಿ, ಮಾರುಕಟ್ಟೆಯ ಕಡೆಯಿಂದ ಸೇವಂತಿಗೆ, ಕೊತ್ತಂಬರಿಯ ವಾಸನೆ ಮೇಲಿನವರೆಗೂ ಬರುತ್ತಿತ್ತು. ಮದುವೆಯ ಹಂಗಾಮು ಜೋರಾಗಿತ್ತು. ಶನಿವಾರ ಬಂದು ನೋಡಿದರೆ ಹಾಲ್ ಗುರುತೇ ಸಿಗದಷ್ಟು ಬದಲಾಗಿರುತ್ತಿತ್ತು. ಗೋಡೆಗಳ ತುಂಬ ಮಡಿಕೆ ಮಡಿಕೆಯಾಗಿ ಗುಲಾಬಿ, ಹಸಿರು ಬಟ್ಟೆ, ಛಾವಣಿಗೆ ಬಿಳೀ ಜಾಲರಿ, ಕಿಟಕಿಗಳಿಗೆ ದಪ್ಪ ಪರದೆ, ಕಾಲಡಿ ಜಮಖಾನ. ಮಕ್ಕಳು ಚಪ್ಪಲಿ ಬಿಟ್ಟು ಕಾಲು ಮಡಚಿ ಕೂರುತ್ತಿದ್ದರು. ನಾನು ಜಯಮೇರಿ ಮಿಸ್ ಆ ವಾರ ಹೇಳಿದ್ದ ಅದೇ ಪಾಠವನ್ನು ಮತ್ತೆ ಹೇಳಿ, ಹತ್ತು ಅಂಕದ ಕಿರುಪರೀಕ್ಷೆ ಕೊಡುತ್ತಿದ್ದೆ. ಎಂಟು, ಒಂಬತ್ತು, ಹತ್ತು! ಫೇಲಾದ ಮಕ್ಕಳೇ ಎಂಟೊಂಬತ್ತು ತೆಗೆಯುತ್ತಿದ್ದರು.

ಮೀಸೆ ಇದ್ದಿದ್ದರೆ ತಿರುವಿಕೊಳ್ಳುತ್ತಿದ್ದೆ. ಮೂರು ಶನಿವಾರ, ನಾಲ್ಕು ಶನಿವಾರ, ಪ್ರತಿ ಸಲವೂ ಅದೇ ಫಲಿತಾಂಶ. ಅದೇ ಮಕ್ಕಳು, ಅದೇ ಪಾಠ, ಅದೇ ಹಾಲ್. ಬದಲಾದದ್ದು ಟೀಚರ್ ಒಬ್ಬರೇ. ಗಣಿತದವಳಿಗೆ ಇದಕ್ಕಿಂತ ಚೊಕ್ಕ ಸಾಧನೆ ಬೇಕೆ? ಸುತ್ತ ಇಡೀ ಜವಳಿ ಅಂಗಡಿಯನ್ನೇ ನೇತುಹಾಕಿದ್ದರೂ ನನ್ನ ಕಣ್ಣಿಗೆ ನಾನೊಬ್ಬಳೇ ಕಂಡೆ.

ಡಿಸೆಂಬರ್‌ನಲ್ಲಿ ಮಂಡಳಿಯ ಕಾರ್ಯದರ್ಶಿಗಳಿಗೆ ವರದಿ ಬರೆದೆ. ಒಂದು ಪುಟ. ಜಯಮೇರಿ ಮಿಸ್ ಅವರಿಗೆ ಹತ್ತನೇ ತರಗತಿಯನ್ನು ಇನ್ನು ಕೊಡಬಾರದು ಎಂಬುದು ಅದರ ಸಾರ. ಅವರಿಗೆ ತೋರಿಸಿ ಸಹಿ ಹಾಕಿಸಬೇಕೆಂಬ ನಿಯಮವಿದೆ. ವಯಸ್ಸಾದವರ ಮನಸ್ಸು ನೋಯಿಸುವುದೇಕೆ ಎಂದು ನಾನೇ ಒಂದು ದಯೆಯನ್ನು ಕಲ್ಪಿಸಿಕೊಂಡು, ತೋರಿಸದೆ ಕಳಿಸಿಬಿಟ್ಟೆ. ದಯೆಯಲ್ಲ, ಹೇಡಿತನ. ಮುಖಕ್ಕೆ ಮುಖ ಕೊಟ್ಟು ಹೇಳುವ ಧೈರ್ಯ ಇರಲಿಲ್ಲ, ಅಷ್ಟೆ.

ಕ್ರಿಸ್‌ಮಸ್ ರಜೆ ಮುಗಿಸಿ ಬಂದ ದಿನ ಅವರ ಕೈಗೆ ಮಂಡಳಿಯ ಆದೇಶ ಸಿಕ್ಕಿತು. ನಿವೃತ್ತಿಯವರೆಗೆ ಗ್ರಂಥಾಲಯ ಮತ್ತು ಪ್ರಯೋಗಾಲಯದ ಸಾಮಾನುಗಳ ಉಸ್ತುವಾರಿ. ಗ್ರಂಥಾಲಯವೋ ಹಳೇ ಕಟ್ಟಡದಲ್ಲಿ ಗೋಣಿಚೀಲದಲ್ಲಿ ಕಟ್ಟಿಸಿಕೊಂಡು ಕೂತಿತ್ತು. ಅವರು ಆದೇಶವನ್ನು ಎರಡು ಸಲ ಓದಿದರು. ಅವರ ದನಿ ಆಗಲೇ ಒಡೆದುಹೋಗಿತ್ತು, ಶೀತ ಎಂದು ನಾವೆಲ್ಲ ಅಂದುಕೊಂಡಿದ್ದೆವು.

‘ಮೂವತ್ತು ವರ್ಷದಲ್ಲಿ ಒಂದು ವರ್ಷವೂ ಹತ್ತನೇ ಕ್ಲಾಸ್ ಬಿಟ್ಟಿಲ್ಲ ಮಿಸ್. ಇನ್ನೊಂದು ಬ್ಯಾಚ್ ಮುಗಿಸಿ ಹೋಗ್ತೀನಿ ಅಂದ್ಕೊಂಡಿದ್ದೆ. ನೀವು ಒಂದು ಮಾತು ಹೇಳಿ ನೋಡಿ ಅವರಿಗೆ’ ಎಂದರು.

ನೋಡಿ, ಅವರು ನನ್ನನ್ನೇ ಕೇಳುತ್ತಿದ್ದರು. ‘ಮಂಡಳಿಯವರ ತೀರ್ಮಾನ, ನಾನೇನು ಮಾಡ್ಲಿ ಹೇಳಿ’ ಅಂದೆ. ಹೇಳುವಾಗ ಮೇಜಿನ ಮೇಲಿದ್ದ ಹಾಜರಿ ಪುಸ್ತಕವನ್ನು ಸರಿಪಡಿಸಿದೆ. ಮರುದಿನದಿಂದ ಅವರು ರಜೆ ಹಾಕಿದರು.

ಈಗ ವಾರವಿಡೀ ವಿಜ್ಞಾನ ನನ್ನದು. ಗಂಟಲು ತೆರೆದು ಪಾಠ ಮಾಡಿದೆ. ‘ಅರ್ಥ ಆಯ್ತಾ?’ ‘ಆಯ್ತು ಮಿಸ್...’ ಎರಡು ವಾರದ ನಂತರ, ಒಂದು ಬುಧವಾರ, ಆ ದಿನದ ಪಾಠದ ಮೇಲೆ ಆ ದಿನವೇ ಪರೀಕ್ಷೆ ಕೊಟ್ಟೆ. ಹತ್ತಕ್ಕೆ ಎರಡು, ಮೂರು, ಒಂದು. ಕೋಪ ನೆತ್ತಿಗೇರಿತು. ಉತ್ತರಪತ್ರಿಕೆಗಳನ್ನು ಮೇಜಿನ ಮೇಲೆ ಎಸೆದು ‘ಶನಿವಾರ ತಲೆ ಇರುತ್ತೆ, ಬುಧವಾರ ಮನೇಲಿ ಬಿಟ್ಟು ಬರ್ತೀರಾ?’ ಎಂದು ಕೂಗಿದೆ. ಹಾಲ್ ನನ್ನ ಕೂಗನ್ನು ಇನ್ನೆರಡು ಸಲ ಕೂಗಿತು. ಮಕ್ಕಳು ತಲೆ ತಗ್ಗಿಸಿದರು. ಹಿಂದಿನ ಬೆಂಚಿನಿಂದ ತಹಸೀನ್ ಎದ್ದು ನಿಂತಳು. ರಸೆಲ್ ಮಾರುಕಟ್ಟೆಯಲ್ಲಿ ಹಣ್ಣಿನ ಅಂಗಡಿ ಇಟ್ಟವರ ಮಗಳು, ಯಾರಿಗೂ ಹೆದರದ ಹುಡುಗಿ. ಏನೋ ಹೇಳಿದಳು. ಕೇಳಿಸಲಿಲ್ಲ. ಕೈಸನ್ನೆ ಮಾಡಿ ಹತ್ತಿರ ಕರೆದೆ.

‘ಮಿಸ್, ಬೈಬೇಡಿ. ಶನಿವಾರ ನೀವು ಹೇಳೋದು ಕೇಳ್ಸುತ್ತೆ. ಬೇರೆ ದಿನ ಬರೀ ಸದ್ದು ಕೇಳ್ಸುತ್ತೆ, ಮಾತು ಕೇಳ್ಸಲ್ಲ.’

‘ನಾನು ಇಷ್ಟು ಕಿರುಚ್ತೀನಿ, ಕೇಳ್ಸಲ್ವಾ?’

‘ಕಿರುಚಿದ್ರೇ ಜಾಸ್ತಿ ಕೇಳ್ಸಲ್ಲ ಮಿಸ್.’

ಮಕ್ಕಳು ನಕ್ಕರು. ನನಗೆ ಇನ್ನಷ್ಟು ಸಿಟ್ಟು ಬಂತು. ಸುಳ್ಳು ಹೇಳುತ್ತಿದ್ದಾಳೆ ಎಂದು ತೋರಿಸಿಕೊಡಲೆಂದೇ ಅವಳ ಕೈಗೆ ಪುಸ್ತಕ ಕೊಟ್ಟು ವೇದಿಕೆಗೆ ಹತ್ತಿಸಿ, ನಾನು ಹೋಗಿ ಕೊನೇ ಬೆಂಚಿನಲ್ಲಿ ಕೂತೆ. ಆ ಹಾಲ್‌ನಲ್ಲಿ ಏಳು ತಿಂಗಳು ಕಳೆದಿದ್ದರೂ ನಾನು ಅಲ್ಲಿ ಕೂತದ್ದು ಅದೇ ಮೊದಲು. ಅವಳು ಪಾಠ ಓದಿದಳು. ‘ಎಲ್ಲ ಕೇಳಿಸ್ತಿದೆಯಲ್ಲೇ!’ ಅಂದೆ.

ಅವಳು ವೇದಿಕೆ ಇಳಿದು ನನ್ನ ಬಳಿಗೇ ಬಂದಳು. ‘ಮಿಸ್, ನಿಮಗೆ ಆ ಪಾಠ ಬಾಯಿಪಾಠ ಬರುತ್ತೆ. ಅದಕ್ಕೇ ಕೇಳ್ಸುತ್ತೆ. ನಿಮಗೆ ಗೊತ್ತಿಲ್ಲದ್ದು ಓದ್ಲಾ?’

ಊಟದ ಡಬ್ಬಿ ಸುತ್ತಿ ತಂದಿದ್ದ ಹಳೇ ಕನ್ನಡ ಪೇಪರನ್ನು ಬಿಡಿಸಿಕೊಂಡು ಮತ್ತೆ ಹತ್ತಿದಳು. ಓದತೊಡಗಿದಳು. ಒಂದೇ ಒಂದು ವಾಕ್ಯವೂ ನನಗೆ ಸಿಗಲಿಲ್ಲ. ದನಿ ಬರುತ್ತಿತ್ತು, ಬೇಕಾದಷ್ಟು ಬರುತ್ತಿತ್ತು. ಆದರೆ ಒಂದು ಪದ ಮುಗಿಯುವ ಮೊದಲೇ ಅದರ ಬಾಲ ಮುಂದಿನ ಪದದ ಮೇಲೆ ಬಿದ್ದು, ಎಲ್ಲ ಕಲಸಿ, ಆ, ಓ, ಊ ಎಂಬ ಸ್ವರಗಳು ಮಾತ್ರ ಉಳಿಯುತ್ತಿದ್ದವು. ಬಕೆಟ್ಟಿನಲ್ಲಿ ತಲೆ ಇಟ್ಟು ಕೇಳಿದ ಹಾಗೆ. ಹುಟ್ಟಿದಾಗಿನಿಂದ ಕನ್ನಡ ಆಡಿದ ನನಗೇ ಹೀಗಾದರೆ, ಶಾಲೆಯಲ್ಲಿ ಮಾತ್ರ ಕನ್ನಡ ಕೇಳುವ ಮಕ್ಕಳಿಗೆ ಹೇಗಿದ್ದೀತು? ಅರ್ಧ ಕೇಳಿಸಿದರೆ ಉಳಿದರ್ಧ ಊಹಿಸಿಕೊಳ್ಳುವ ಸೌಲಭ್ಯ ಅವರಿಗಿರಲಿಲ್ಲ. ಬೋರ್ಡಿನ ಮೇಲೆ ಬರೆಯುವ ನನ್ನ ಗಣಿತ ಬಚಾವಾದದ್ದೂ, ಬರೀ ಮಾತಿನ ವಿಜ್ಞಾನ ಮುಳುಗಿದ್ದೂ ಇದಕ್ಕೇ. ಆ ಕ್ಷಣದಲ್ಲಿ ಮಕ್ಕಳಿಗಿಂತ ಮೊದಲು ನನ್ನ ವರದಿ ನೆನಪಾಯಿತು.

ಶುಕ್ರವಾರ ಅಯೂಬ್ ಭಾಯ್ ಬಂದಾಗ ಏಣಿಯ ಕೆಳಗೆ ನಿಂತು ವಿಷಯ ಹೇಳಿದೆ. ಮೊಳೆಗಳನ್ನು ತುಟಿಯಲ್ಲಿ ಕಚ್ಚಿಕೊಂಡಿದ್ದವರು ಅವನ್ನು ತೆಗೆದು ಜೇಬಿಗೆ ಹಾಕಿಕೊಂಡರು.

‘ಅಷ್ಟೂ ಗೊತ್ತಿಲ್ವಾ ಮೇಡಂ? ಇದು ಕಲ್ಲು, ಗಾಜು. ಆವಾಜ್ ಎಲ್ಲಿಗೆ ಹೋಗ್ಬೇಕು? ಸುತ್ತುತ್ತಾನೇ ಇರುತ್ತೆ. ನಿಕಾದಲ್ಲಿ ದುಲ್ಹಾ ಕಬೂಲ್, ಒಪ್ಪಿದೀನಿ ಅಂದಿದ್ದು ಗವಾ ಕೂತವರಿಗೆ ಸಾಫ್ ಕೇಳ್ಬೇಕು. ಸಾಕ್ಷಿ ಅಲ್ವಾ ಅವರು? ಕೇಳ್ದೆ ಹೆಂಗೆ ಸಾಕ್ಷಿ ಹೇಳ್ತಾರೆ? ಅದಕ್ಕೇ ನಮ್ಮಪ್ಪನ ಕಾಲದಿಂದ ನಾವು ಮೊದಲು ಹಿಂದಿನ ಗೋಡೆಗೇ ಬಟ್ಟೆ ಹೊಡೀತೀವಿ. ಡೆಕೋರೇಷನ್ ಆಮೇಲಿಂದು.’

‘ಹಾಗಾದ್ರೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ ಭಾಯ್?’

‘ನೀವು ಓದಿದವರು. ನಾನು ನಿಮಗೆ ಹೇಳ್ಲಾ?’ ಎಂದು ಮತ್ತೆ ಮೊಳೆಗಳನ್ನು ಬಾಯಿಗೆ ಹಾಕಿಕೊಂಡರು.

ಶಬ್ದದ ಪ್ರತಿಫಲನ ನಮ್ಮ ಪಠ್ಯಪುಸ್ತಕದಲ್ಲೇ ಒಂದು ಪಾಠ. ದೊಡ್ಡ ಸಭಾಂಗಣಗಳಲ್ಲಿ ಪರದೆ ಏಕೆ ಹಾಕುತ್ತಾರೆ ಎಂಬ ಪ್ರಶ್ನೆಗೆ ಎರಡು ಅಂಕ. ಅದನ್ನು ನಾನು ಅದೇ ಹಾಲ್‌ನಲ್ಲಿ, ಶನಿವಾರ, ಪರದೆಯ ಮುಂದೆ ನಿಂತು ಮಕ್ಕಳಿಂದ ಬರೆಸಿದ್ದೆ ಅಂದರೆ ನಂಬುತ್ತೀರಾ? ನಂಬಲೇಬೇಕು, ನಲವತ್ತು ಮಂದಿ ಸಾಕ್ಷಿ ಇದ್ದಾರೆ.

ಅಯೂಬ್ ಭಾಯ್ ತಮ್ಮ ಗೋದಾಮಿನಿಂದ ಹರಿದ ಪರದೆಗಳನ್ನೂ ತೂತು ಬಿದ್ದ ಜಮಖಾನಗಳನ್ನೂ ತಂದುಕೊಟ್ಟರು. ಹಿಂದಿನ ಗೋಡೆಗೆ, ಒಂದು ಪಕ್ಕದ ಕಿಟಕಿಗಳಿಗೆ ನೇತುಹಾಕಿದೆವು. ಬೆಂಚುಗಳನ್ನೆಲ್ಲ ಮುಂದಕ್ಕೆ ಎಳೆದು ಒತ್ತಾಗಿ ಇಟ್ಟೆವು. ಮೈಕಿನ ಡಬ್ಬಿಯನ್ನು ಬೀರುವಿನಲ್ಲಿ ಹಾಕಿದೆ. ವೇದಿಕೆ ಬಿಟ್ಟು ಮಕ್ಕಳ ನಡುವೆ ನಿಂತು, ಒಂದು ವಾಕ್ಯ ಹೇಳಿ ಒಂದು ಉಸಿರು ಬಿಟ್ಟು ಇನ್ನೊಂದು ವಾಕ್ಯ ಹೇಳುವುದನ್ನು ಐವತ್ತನೇ ವಯಸ್ಸಿನಲ್ಲಿ ಕಲಿತೆ. ‘ಅರ್ಥ ಆಯ್ತಾ’ ಎಂದು ಕೇಳುವುದನ್ನು ಬಿಟ್ಟು, ಕೇಳಿಸಿದ್ದನ್ನು ಒಂದು ಸಾಲು ಬರೆಯಲು ಹೇಳತೊಡಗಿದೆ. ಮಕ್ಕಳು ಚೇತರಿಸಿಕೊಂಡರು. ಮಾರ್ಚ್ ಪರೀಕ್ಷೆಯಲ್ಲಿ ಇಬ್ಬರನ್ನು ಬಿಟ್ಟು ಎಲ್ಲರೂ ವಿಜ್ಞಾನದಲ್ಲಿ ಪಾಸಾದರು. ಆದರೆ ಆ ಫಲಿತಾಂಶ ಬರುವ ಮುಂಚೆಯೇ, ಫೆಬ್ರವರಿಯ ಒಂದು ಮಧ್ಯಾಹ್ನ, ನಾನು ಮರ್ಫಿ ಟೌನ್‌ಗೆ ಹೋಗಬೇಕಾಯಿತು.

ಹೋಗುವ ಮೊದಲು ಕಾರ್ಯದರ್ಶಿಗಳಿಗೆ ಎರಡನೇ ಪತ್ರ ಬರೆದೆ. ಮೊದಲಿನ ವರದಿ ತಪ್ಪು, ದೋಷ ಕೋಣೆಯದು, ಅದನ್ನು ಪರೀಕ್ಷಿಸದೆ ಬರೆದದ್ದು ನನ್ನದು, ಆದೇಶವನ್ನು ಹಿಂತೆಗೆದುಕೊಳ್ಳಬೇಕು. ಅವರು ಓದಿ ‘ಆಯ್ತು, ಅವರು ಬರೋದಾದ್ರೆ ಬರ್ಲಿ ಬಿಡಿ’ ಅಂದರು. ಅಷ್ಟು ಸುಲಭ! ಆ ಸುಲಭವೇ ನನ್ನನ್ನು ಹೆಚ್ಚು ಚುಚ್ಚಿತು. ಎರಡೂ ಪತ್ರಗಳ ಪ್ರತಿಯನ್ನು ಬ್ಯಾಗಿನಲ್ಲಿ ಹಾಕಿಕೊಂಡು ಹಲಸೂರು ಕಡೆಯ ಬಸ್ ಹತ್ತಿದೆ.

ಬಾಗಿಲು ತೆಗೆದದ್ದು ಜಯಮೇರಿ ಮಿಸ್‌ರ ತಂಗಿ. ‘ಅಕ್ಕ ಜಾಸ್ತಿ ಮಾತಾಡ್ಬಾರ್ದು ಮಿಸ್. ಗಂಟ್ಲಲ್ಲಿ ಗಂಟಾಗಿದೆ ಅಂತ ಡಾಕ್ಟ್ರು ಹೇಳಿದ್ದಾರೆ. ಕಿರುಚಿ ಕಿರುಚಿ ಆಗಿದ್ದಂತೆ’ ಎಂದು ಮೆಲ್ಲಗೆ ಹೇಳಿ ಒಳಗೆ ಕರೆದರು. ಚಿಕ್ಕ ಕೋಣೆ. ಮಂಚದ ಮೇಲೆ ಹಾಸಿಗೆ, ಹೊದಿಕೆ, ಮಡಚದ ಬಟ್ಟೆಯ ರಾಶಿ, ಬಾಗಿಲಿಗೆ ಹಳೇ ಸೀರೆಯ ಪರದೆ. ಜಯಮೇರಿ ಮಿಸ್ ಕುರ್ಚಿಯಲ್ಲಿ ಕೂತಿದ್ದರು. ನನ್ನನ್ನು ನೋಡಿ ಎದ್ದು ನಿಲ್ಲಲು ಹೋದರು. ಕೈ ಹಿಡಿದು ಕೂರಿಸಿದೆ.

‘ನಿಮ್ಮನ್ನ ಹತ್ತನೇ ಕ್ಲಾಸಿಂದ ತೆಗಿಸಿದ್ದು ಮಂಡಳಿ ಅಲ್ಲ. ನಾನು’ ಅಂದೆ. ಆಮೇಲೆ ಶನಿವಾರದ್ದು, ಬಟ್ಟೆಯದ್ದು, ಕೊನೇ ಬೆಂಚಿನದ್ದು ಎಲ್ಲ ಹೇಳಿದೆ. ಅವರು ನನ್ನ ಮುಖ ಬಿಟ್ಟು ಬೇರೆಲ್ಲೂ ನೋಡಲಿಲ್ಲ. ಮುಗಿದ ಮೇಲೆ ಪಿಸುದನಿಯಲ್ಲಿ ಕೇಳಿದರು.

‘ಮಕ್ಕಳಿಗೆ ಈಗ ಕೇಳ್ಸುತ್ತಾ?’

‘ಕೇಳ್ಸುತ್ತೆ. ಸೋಮವಾರದಿಂದ ನೀವೇ ಬನ್ನಿ. ನಿಮ್ಮ ಕ್ಲಾಸು ನಿಮಗೇ.’

ಅವರು ಇಲ್ಲವೆಂದು ತಲೆಯಾಡಿಸಿದರು. ಕುತ್ತಿಗೆಯನ್ನು ಮುಟ್ಟಿ ತೋರಿಸಿದರು. ‘ಆಪರೇಷನ್ ಮಾಡ್ಬೇಕಂತೆ. ಆದ್ರೂ ಕ್ಲಾಸಿಗೆ ಆಗೋ ದನಿ ಇನ್ನು ಬರಲ್ಲ ಅಂದ್ರು. ನಾನು ರಾಜೀನಾಮೆ ಬರೆದಿಟ್ಟಿದೀನಿ.’

ಜೋರಾಗಿ ಮಾತಾಡಿ ಎಂದು ಹೇಳಿದ್ದು ನಾನು. ಮೈಕ್ ತರಿಸಿದ್ದು ನಾನು. ಅತ್ತುಬಿಟ್ಟೆ. ಅವರ ತಂಗಿ ನೀರು ತಂದು ಕೊಟ್ಟರು. ಜಯಮೇರಿ ಮಿಸ್ ನಾನು ಕುಡಿದು ಮುಗಿಸುವವರೆಗೆ ಕಾದರು.

‘ಆ ರಿಪೋರ್ಟ್ ನಾನು ನೋಡ್ಲೇ ಇಲ್ಲ. ತಂದಿದ್ದೀರಾ?’

ತೆಗೆದು ಕೊಟ್ಟೆ. ಅವರು ತೆಗೆದುಕೊಳ್ಳಲಿಲ್ಲ. ‘ಕನ್ನಡಕ ಇಲ್ಲ. ಓದಿ’ ಎಂದರು. ಕನ್ನಡಕ ಅವರ ಮಡಿಲಲ್ಲೇ ಇತ್ತು.

ಓದಿದೆ. ‘ಶ್ರೀಮತಿ ಜಯಮೇರಿ ಅವರ ಬೋಧನೆಯು ವಿದ್ಯಾರ್ಥಿಗಳನ್ನು ತಲುಪುತ್ತಿಲ್ಲ. ಪದೇ ಪದೇ ಸೂಚನೆ ನೀಡಿದರೂ ಸುಧಾರಣೆ ಕಂಡುಬಂದಿಲ್ಲ. ವಯೋಸಹಜವಾಗಿ ಗ್ರಹಿಕೆಯೂ ಉತ್ಸಾಹವೂ ಕುಂದಿರುವಂತೆ ತೋರುತ್ತದೆ.’ ಅಷ್ಟಕ್ಕೆ ನಿಲ್ಲಿಸಿದೆ. ಅವರು ಕೈಯಿಂದ ಮುಂದೆ ಎಂದರು. ‘ಇವರಿಂದ ಹತ್ತನೇ ತರಗತಿಗೆ ಇನ್ನು ಯಾವುದೇ ಪ್ರಯೋಜನವಿಲ್ಲವೆಂದು ನನ್ನ ಸ್ಪಷ್ಟ ಅಭಿಪ್ರಾಯ.’ ಆ ಕೋಣೆಯಲ್ಲಿ ಒಂದಕ್ಷರವೂ ಕಳೆದುಹೋಗಲಿಲ್ಲ. ಬರೆಯುವಾಗ ಸರ್ಕಾರಿ ಕನ್ನಡದಂತಿದ್ದದ್ದು ಓದುವಾಗ ಒಬ್ಬ ಹೆಂಗಸಿನ ಮುಖಕ್ಕೆ ಹೇಳಿದ ಮಾತಾಗಿತ್ತು.

‘ಆ ಕೊನೇ ಸಾಲು ಇನ್ನೊಂದ್ಸಲ’ ಎಂದರು.

ಇನ್ನೊಂದು ಸಲ ಓದಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಪಕ್ಕದ ಮನೆಯವರು ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದರು.

‘ಈಗ ಎರಡನೇದು ಓದಿ.’

ಎರಡನೇ ಪತ್ರ ಬಿಡಿಸಿದೆ. ‘ಮಾನ್ಯರೆ’ ಎಂಬುದರ ಮುಂದೆ ನನ್ನ ಬಾಯಿಂದ ಮಾತು ಹೊರಡಲಿಲ್ಲ. ಮೂರನೇ ಮಹಡಿಗೆ ಕೇಳಿಸುತ್ತಿದ್ದ ಗಂಟಲು ಕಟ್ಟಿಹೋಯಿತು. ಎರಡು ಸಲ ಶುರುಮಾಡಿ ನಿಲ್ಲಿಸಿದೆ. ಅವರು ಕುರ್ಚಿಯನ್ನು ನನ್ನ ಮಂಡಿಗೆ ತಾಗುವಷ್ಟು ಹತ್ತಿರ ಎಳೆದುಕೊಂಡರು, ಕಿವಿಯನ್ನು ನನ್ನ ಕಡೆಗೆ ತಿರುಗಿಸಿದರು.

‘ಮೆಲ್ಲಗೇ ಓದಿ ಮಿಸ್. ನನಗೆ ಕೇಳ್ಸುತ್ತೆ.’